ಅನಸವ್ವನ ಕುಣಿ

ಊರ ಹೆಸರು ಬರೆಯುವುದಿಲ್ಲ. ಬನಹಟ್ಟಿ ಕಡೆಯ ಊರು, ನೇಕಾರರ ಊರು, ಅಷ್ಟು ಸಾಕು. ಹೆಸರು ಬರೆದರೆ ಮರುದಿನವೇ 'ನಮ್ಮಲ್ಲಿ ಅಂಥದ್ದು ನಡೆದಿಲ್ಲ' ಅಂತ ಒಂದು ಪ್ರಕಟಣೆ ಹೊರಡುತ್ತದೆ. ಅದಕ್ಕೆ ಅಂಟು ಬಳಿದು ಗೋಡೆಗೆ ಹಚ್ಚುವ ಕೆಲಸ ಮತ್ತೆ ನನಗೇ ಬರುತ್ತದೆ. ನನಗೆ ಸಾಕಾಗಿದೆ.

ನಾನು ಗೂಳಪ್ಪ. ಪುರಸಭೆಯಲ್ಲಿ ಹೊರಗುತ್ತಿಗೆ ಆಳು, ಹನ್ನೊಂದು ವರ್ಷದಿಂದ. ನೋಟೀಸು ಹಂಚುವುದು, ಸಾಹೇಬರಿಗೆ ಚಹಾ ತರುವುದು, ಮನೆ ಅಳೆಯಲು ಹೋದಾಗ ಟೇಪಿನ ಒಂದು ತುದಿ ಹಿಡಿಯುವುದು, ಇಷ್ಟು ದಿನ ಇದೇ ನನ್ನ ಕೆಲಸವಾಗಿತ್ತು. ಈಗ ಗಟಾರಕ್ಕೆ ಹಾಕಿದ್ದಾರೆ. ಯಾಕೆ ಹಾಕಿದರು ಅನ್ನುವುದನ್ನೇ ಹೇಳಲು ಹೊರಟಿದ್ದೇನೆ. ಪಗಾರ ನಾಲ್ಕು ತಿಂಗಳಿಗೊಮ್ಮೆ ಆಗುತ್ತದೆ. ಕೇಳಿದರೆ ನಿಧಿ ಇಲ್ಲ ಅನ್ನುತ್ತಾರೆ. ನಿಧಿ ಎಲ್ಲಿ ಹೋಯಿತು ಅನ್ನುವುದು ನನಗೆ ಗೊತ್ತು. ನಮ್ಮ ಓಣಿಯ ಮೇಲೆ ಹಾಸಿದ್ದಾರೆ.

ಆರು ವರ್ಷದಲ್ಲಿ ಓಣಿಗೆ ಮೂರು ಸಲ ಕಾಂಕ್ರೀಟ್ ಹಾಕಿದರು. ಹಳೆಯದನ್ನು ಕೀಳಲಿಲ್ಲ. ಹಳೆಯದರ ಮೇಲೆ ಹೊಸದು, ಹೊಸದರ ಮೇಲೆ ಮತ್ತೊಂದು. ಪ್ರತಿ ಸಲ ತೆಂಗಿನಕಾಯಿ ಒಡೆದರು, ಫೋಟೋ ಹಿಡಿಸಿಕೊಂಡರು. ರಸ್ತೆ ಮೇಲೆ ಎದ್ದಿತು, ಮನೆಗಳು ಕೆಳಗೆ ಉಳಿದವು. ನಮ್ಮ ಗೋಡೆಗೆ ಗೋಡೆ ಹತ್ತಿದ ಅನಸವ್ವನ ಮನೆಗೆ ಮೊದಲು ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದೆವು. ಈಗ ಎರಡು ಮೆಟ್ಟಿಲು ಇಳಿದು ಹೋಗುತ್ತೇವೆ. ಗಟಾರದ ನೀರೂ ಅದೇ ಮೆಟ್ಟಿಲು ಇಳಿದು ಒಳಗೆ ಹೋಗುತ್ತದೆ.

ಒಳಗೆ ಹೋದ ನೀರು ನಿಲ್ಲುವುದು ಮಗ್ಗದ ಕುಣಿಯಲ್ಲಿ.

ಕುಣಿಮಗ್ಗ ನೋಡದವರಿಗೆ ಹೇಳಬೇಕು. ಮಗ್ಗ ನೆಲದ ಮಟ್ಟದಲ್ಲಿ ಇರುತ್ತದೆ. ನೇಯುವವರು ನೆಲದ ಅಂಚಿಗೆ ಕೂತು ಎರಡೂ ಕಾಲು ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ತುಳಿಮಣೆ ತುಳಿಯುತ್ತ ಮೇಲೆ ಲಾಳಿ ಎಸೆಯಬೇಕು. ಕರೆಂಟು ಬೇಡ. ಕಾಲೇ ಕರೆಂಟು. ಅನಸವ್ವ ಮದುವೆಯಾಗಿ ಬಂದ ವರ್ಷದಿಂದ ಆ ಕುಣಿಯಲ್ಲಿ ಕಾಲು ಇಟ್ಟವಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಗಂಡ ಯಮನಪ್ಪ, ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಇವಳು. ನಲವತ್ತು ವರ್ಷದಲ್ಲಿ ಕುಣಿಯ ಗೋಡೆಗೆ ಹಿಮ್ಮಡಿ ಒರಗಿ ಒರಗಿ ಎರಡು ಗುಳಿ ಬಿದ್ದಿದ್ದವು. ಯಮನಪ್ಪನ ಕಾಲು ದೊಡ್ಡದು, ಅವಳದು ಸಣ್ಣದು. ದೊಡ್ಡ ಗುಳಿಯೊಳಗೆ ಸಣ್ಣ ಹಿಮ್ಮಡಿ ಇಟ್ಟು ನೇಯುತ್ತಿದ್ದಳು.

ರಸ್ತೆ ಎದ್ದ ಮೇಲೆ ಅವಳ ದಿನ ಶುರುವಾಗುವುದು ಲಾಳಿಯಿಂದಲ್ಲ, ಡಬ್ಬಿಯಿಂದ. ಬಗ್ಗಿ, ಡಬ್ಬಿ ಅದ್ದಿ, ಬಕೀಟಿಗೆ ಸುರಿದು, ಬಕೀಟು ಹೊತ್ತು ಎರಡು ಮೆಟ್ಟಿಲು ಹತ್ತಿ ರಸ್ತೆಗೆ ಚೆಲ್ಲುವುದು. ಹತ್ತು ಬಕೀಟು, ಮಳೆ ಬಂದರೆ ಮೂವತ್ತು. ಆಮೇಲೆ ಹಸಿ ಕುಣಿಯಲ್ಲಿ ಕಾಲು ಬಿಟ್ಟು ಕೂರುವುದು. ಬೆರಳ ಸಂದಿಯೆಲ್ಲ ಬೆಳ್ಳಗಾಗಿ ಬಿರಿದಿತ್ತು. ಸೊಸೆ ಕಾಂಚನಾ ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಬಯ್ಯುತ್ತಿದ್ದಳು, "ಕಾಲ ಕೊಳಿತಾವ್ರಿ ಅತ್ತಿ, ಬಿಡ್ರಿ ಇದನ್ನ." ಕಾಂಚನಾಳ ಗಂಡ ಇಚಲಕರಂಜಿಯ ಪಾವರ್‌ಲೂಮಿನಲ್ಲಿ ದುಡಿಯುತ್ತಾನೆ. ಮನೆಯಲ್ಲಿ ಇಬ್ಬರೇ ಹೆಂಗಸರು.

ಅನಸವ್ವನದು ಮಾತು ಕಮ್ಮಿ. "ಬಿಟ್ಟ ಏನ ಮಾಡ್ಲಿ?" ಅನ್ನುತ್ತಿದ್ದಳು, ಅಷ್ಟೆ.

ಅವಳು ಮಾಡಿದ ಒಂದು ತಪ್ಪಿದೆ. ಅದನ್ನು ನೇಕಾರರ ಮನೆಯವರು ಮಾತ್ರ ಮಾಡಲು ಸಾಧ್ಯ.

ಐದು ವರ್ಷದ ಹಿಂದೆ ಯಮನಪ್ಪ ಸತ್ತ. ನಮ್ಮ ಓಣಿಯಲ್ಲಿ ನೇಯುವವನು ಸತ್ತರೆ ಮಗ್ಗದ ಮೇಲೆ ಬಿಳಿ ಅರಿವೆ ಹೊದಿಸುತ್ತಾರೆ. ಹದಿಮೂರು ದಿನ ಅದನ್ನು ಯಾರೂ ಮುಟ್ಟುವುದಿಲ್ಲ. ಒಂಬತ್ತನೆಯ ದಿನ ಸರ್ಕಾರದವರು ಬಂದರು. ನೇಕಾರರಿಗೆ ವರ್ಷಕ್ಕೊಮ್ಮೆ ಸಹಾಯಧನ ಕೊಡಲು ನಡೆಯುವ ಮಗ್ಗದ ಲೆಕ್ಕ ಬೇಕಾಗಿತ್ತು ಅವರಿಗೆ. ಅರಿವೆ ಹೊದ್ದ ಮಗ್ಗ ನೋಡಿ 'ಚಾಲ್ತಿಯಲ್ಲಿಲ್ಲ' ಅಂತ ಬರೆದುಕೊಂಡು ಹೋದರು. ತಲೆ ಮೇಲೆ ಸೆರಗು ಹೊದ್ದು ಮೂಲೆಯಲ್ಲಿ ಕೂತಿದ್ದ ಅನಸವ್ವನಿಗೆ ಎದ್ದು ಹೇಳುವುದೂ ಆಗಲಿಲ್ಲ. ಸಹಾಯಧನ ಅವತ್ತಿನಿಂದ ಇಲ್ಲ. ನಾಲ್ಕು ಸಲ ಅರ್ಜಿ ಕೊಟ್ಟಳು. ನಾಲ್ಕೂ ಅರ್ಜಿ ಬರೆದವನು ನಾನು.

ಹಾಗಾಗಿ ಕಳೆದ ವರ್ಷ ಕಸದ ಗಾಡಿಯ ಮೈಕಿನಲ್ಲಿ 'ಮನೆ ಮನೆ ಸರ್ವೆ ಬರುತ್ತದೆ, ಸರಿಯಾದ ಮಾಹಿತಿ ಕೊಡಿ' ಅಂತ ಕೂಗಿದಾಗ ಅವಳು ನಮ್ಮ ಬಾಗಿಲಿಗೆ ಬಂದಳು.

"ಗೂಳಪ್ಪಾ, ಇದು ಮಗ್ಗದ ಸರ್ವೇನ ಹೌದಲ್ಲೊ?"

ನನಗೆ ಗೊತ್ತಿತ್ತು, ಅದು ಮಗ್ಗದ್ದಲ್ಲ. ಆಸ್ತಿ ತೆರಿಗೆಯ ಸರ್ವೆ. ಎಲ್ಲಿ ಎಷ್ಟು ಏರಿಸಬಹುದು ಅಂತ ಹುಡುಕುವ ಸರ್ವೆ. ಹಿಂದಿನ ದಿನವೇ ಕಂದಾಯ ವಿಭಾಗದ ಚನಮಲ್ಲಪ್ಪ ಸಾಹೇಬರು ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ್ದರು, "ಯಾರಿಗೂ ಏನೂ ಬಾಯಿ ಬಿಡಬ್ಯಾಡ್ರಿ. ಬಿಟ್ರಿ ಅಂದ್ರ ಎಲ್ಲಾರೂ ಮಗ್ಗ ಮುಚ್ಚಿಡ್ತಾರ." ಅದೇ ತಿಂಗಳು ನನ್ನ ಗುತ್ತಿಗೆ ಮುಂದುವರಿಸುವ ಕಾಗದ ಅವರ ಮೇಜಿನ ಮೇಲಿತ್ತು.

"ಬಂದ ಮ್ಯಾಲ ಗೊತ್ತಾಕ್ಕೈತಿ ಬಿಡ ಅನಸವ್ವಾ," ಅಂದೆ.

ಅಂದು ಮಗ್ಗದ ಮೇಲೆ ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ಎಳೆ, ಇರಲಿಲ್ಲ. ಕೂಲಿಗೆ ನೇಯಿಸಿಕೊಳ್ಳುವ ಸೇಠಜಿ ಆ ಸಲ ನೂಲು ಕೊಟ್ಟಿರಲಿಲ್ಲ. ಬರಿ ಮಗ್ಗ ತೋರಿಸಿದರೆ ಮತ್ತೆ ಹೆಸರು ಹೋಗುತ್ತದೆ ಅಂತ ಅನಸವ್ವ ರಬಕವಿಗೆ ಹೋಗಿ ಅಕ್ಕನ ಮನೆಯಿಂದ ಹಾಸು ಕೇಳಿ ತಂದಳು. ಅತ್ತೆ ಸೊಸೆ ಎರಡು ದಿನ ಕೂತು ಎರಡು ಸಾವಿರ ಎಳೆಯನ್ನು ಒಂದೊಂದಾಗಿ ಬೆರಳಿನಲ್ಲಿ ಹೊಸೆದು ಕೂಡಿಸಿದರು. ಹಳೆ ಕಾಲದ ಇನ್ನೊಂದು ಮುರುಕು ಮಗ್ಗ ಹಿತ್ತಲಲ್ಲಿ ಬಿದ್ದಿತ್ತು. ಅದನ್ನೂ ತೊಳೆದು ಒಳಗೆ ತಂದು ನಿಲ್ಲಿಸಿದರು. ಒಂದಕ್ಕೆ ಕೊಡದಿದ್ದರೆ ಎರಡಕ್ಕಾದರೂ ಕೊಟ್ಟಾರು ಅಂತ.

ಸರ್ವೆಗೆ ಬಂದವನು ಗುತ್ತಿಗೆ ಕಂಪನಿಯ ಎಂಜಿನಿಯರ್, ಈ ಸೀಮೆಯವನಲ್ಲ. ಕೈಯಲ್ಲಿ ಟ್ಯಾಬ್. ನಾನು ಟೇಪಿನ ತುದಿ ಹಿಡಿದೆ. ಅನಸವ್ವ ಹಣೆಗೆ ವಿಭೂತಿ ಹಚ್ಚಿಕೊಂಡು, ಇದ್ದುದರಲ್ಲಿ ಛಲೋ ಸೀರೆ ಉಟ್ಟು, ಕುಣಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ನಾವು ಒಳಗೆ ಕಾಲಿಟ್ಟಿದ್ದೇ ತಡ, ಮಗ್ಗ ಶುರು ಮಾಡಿದಳು. ಎರಡು ಬೆರಳು ಬಟ್ಟೆ ನೇಯ್ದು ತೋರಿಸಿದಳು.

"ಎಷ್ಟು ಮಗ್ಗ?" ಅವನು ಕೇಳಿದ.

"ಎರಡ್ರಿ ಸಾಹೇಬ್ರ. ಎರಡೂ ಚಾಲೂ ಅದಾವ್ರಿ. ದಿನಾ ನಡಿತಾವ್ರಿ."

ಅವನು ಕುಣಿಯೊಳಗೆ ಇಣುಕಿದ. "ಇದೇನು?"

"ಕುಣಿ ಐತ್ರಿ. ಮಗ್ಗದ್ದು."

ಟ್ಯಾಬಿನಲ್ಲಿ ಕುಣಿ ಇರಲಿಲ್ಲ. ಅವನು ಮೇಲೆ ಕೆಳಗೆ ಹುಡುಕಿ 'ಬೇಸ್‌ಮೆಂಟ್: ಇದೆ' ಅಂತ ಒತ್ತಿದ. ಅದರ ಮೇಲಿನ ಸಾಲಿನಲ್ಲಿ 'ಬಳಕೆ: ಕೈಗಾರಿಕೆ' ಅಂತ ಒತ್ತಿದ. ನಾನು ನೋಡುತ್ತಿದ್ದೆ. ನನಗೆ ಓದಲು ಬರುತ್ತದೆ. ಅನಸವ್ವ ಇಬ್ಬರಿಗೂ ಒಗ್ಗರಣೆ ಅವಲಕ್ಕಿ ಕೊಟ್ಟಳು, ಮೇಲೆ ಶೇಂಗಾ ಉದುರಿಸಿದ್ದಳು. ಅವನು ಒಂದು ತುತ್ತು ತಿಂದು ಬಿಟ್ಟ. ನಾನು ಎಲ್ಲ ತಿಂದೆ. ಆ ಅವಲಕ್ಕಿ ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಈ ವರ್ಷ ಬೇಸಿಗೆಯಲ್ಲಿ ನೋಟೀಸು ಬಂತು. ಕೊಟ್ಟವನೂ ನಾನೇ. ಎರಡು ಮಗ್ಗದ ಕಾರ್ಖಾನೆ, ಕೆಳಗೆ ಬೇಸ್‌ಮೆಂಟ್, ಮುಂದೆ ಕಾಂಕ್ರೀಟ್ ರಸ್ತೆ. ಮೂರಕ್ಕೂ ಬೇರೆ ಬೇರೆ ದರ. ತೆರಿಗೆ ಐದು ಪಟ್ಟಾಗಿತ್ತು, ಅದೂ ಮೂರು ವರ್ಷದ ಹಿಂದಿನಿಂದ ಲೆಕ್ಕ ಹಿಡಿದು. ಕಟ್ಟದಿದ್ದರೆ ನಳ ಕತ್ತರಿಸಲಾಗುವುದು.

ಕಾಂಚನಾ ಓದಿ ಹೇಳಿದಳು. ಅನಸವ್ವ ಕುಣಿಯ ನೀರು ಹೊರಗೆ ಚೆಲ್ಲುತ್ತಿದ್ದಳು. ಬಕೀಟು ಕೆಳಗಿಟ್ಟಳು.

"ಈ ನೀರಿಗೂ ಹಚ್ಯಾರೇನ ನೋಡು," ಅಂದಳು.

ಊರಲ್ಲಿ ಅವಳೊಬ್ಬಳಿಗೇ ಅಲ್ಲ. ಆಕ್ಷೇಪಣೆ ಕೊಡುವ ದಿನ ಕಚೇರಿಯ ಮುಂದೆ ಸಾಲು ಗೇಟಿನ ಹೊರಗೆ ಹೋಗಿ ಹೊಸ ಸ್ವಾಗತ ಕಮಾನಿನವರೆಗೆ ಬೆಳೆದಿತ್ತು. ಆ ಕಮಾನು ಈ ವರ್ಷದ ಇನ್ನೊಂದು ಖರ್ಚು. ಬಣ್ಣ ಬಣ್ಣದ ದೀಪ ಇದೆ, ಹಗಲಿನಲ್ಲೂ ಉರಿಯುತ್ತದೆ. ನಮ್ಮ ಓಣಿಯ ಕಂಬದ ದೀಪ ಹೋಗಿ ವರ್ಷವಾಯಿತು.

ಸಾಲಿನಲ್ಲಿ ಮಥುರಾಬಾಯಿ ಇದ್ದರು. ಗಂಡನ ಪೆನ್ಶನ್ನಿನಲ್ಲಿ ಬದುಕುವ ಮುದುಕಿ, ಜಮಖಂಡಿಯ ತವರಿನವರು. "ಏನಪಾ ಗೂಳಪ್ಪ, ನಮ್ಮ ತುಳಸಿಕಟ್ಟಿನೂ ಕಟ್ಟಡ ಅಂತ ಬರದಾರ. ದೇವರಿಗೂ ಬಾಡಿಗಿ ಕೊಡ್ತೀನೇನ ನಾ?" ಅಂದರು. ಹಿಂದಿನಿಂದ ಜವಳಿ ಅಂಗಡಿಯ ಹೊಳಬಸಪ್ಪ ಕೂಗಿದ, "ಟ್ಯಾಕ್ಸ್ ಕಟ್ಟಾಕ ಒಲ್ಲೆ ಅನ್ನೂದಿಲ್ಲೋ. ಕಟ್ಟಿದ್ದು ಎಲ್ಲಿ ಹ್ವಾತು, ಅದನ್ನ ಹೇಳ್ರಿ." ನಾನು ಅರ್ಜಿಗೆ ನಂಬರು ಹಾಕುತ್ತ ಕೂತಿದ್ದೆ. ಬಯ್ಗುಳವೆಲ್ಲ ನನಗೇ ಬಿತ್ತು. ಒಳಗಿದ್ದವರಿಗೆ ಫ್ಯಾನಿನ ಗಾಳಿ.

ಅನಸವ್ವ ಬೆಳಗಿನಿಂದ ನಿಂತವಳು ಮೂರು ಗಂಟೆಗೆ ಚನಮಲ್ಲಪ್ಪ ಸಾಹೇಬರ ಮುಂದೆ ಬಂದಳು. ಕುರ್ಚಿ ಇತ್ತು. ಕೂರು ಅನ್ನಲಿಲ್ಲ.

"ನೀವ ಹೇಳೀರಲ್ಲವ್ವ, ಎರಡು ಮಗ್ಗ ಚಾಲೂ ಅದಾವ ಅಂತ. ಫೋಟೋನೂ ಐತಿ." ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಛಲೋ ಸೀರೆ, ಹಣೆಯ ವಿಭೂತಿ, ನಗುಮುಖ. ಅನಸವ್ವ ತನ್ನ ನಗುವನ್ನು ತಾನೇ ನೋಡಿದಳು.

"ನಾ ಸಹಾಯಧನದ್ದಂತ ತಿಳಕೊಂಡೇರಿ."

ಪಕ್ಕದ ಮೇಜಿನವರು ನಕ್ಕರು. ಒಬ್ಬ ಅಂದ, "ರೊಕ್ಕ ಬರತೈತಿ ಅಂದ್ರ ಎರಡು ಮಗ್ಗ, ಕೊಡೂದು ಬಂದ್ರ ಒಂದೂ ಇಲ್ಲ." ಮತ್ತೆ ನಕ್ಕರು. ಅವಳು ಸೆರಗು ತುಟಿಗೆ ಒತ್ತಿ ನಿಂತಳು. ಮೂಲೆಯಲ್ಲಿ ಚಹಾದ ಕಪ್ಪು ಜೋಡಿಸುತ್ತ ನಾನೂ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಚನಮಲ್ಲಪ್ಪ ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಅವರಿಗೂ ಮೇಲಿನವರು ಇದ್ದಾರೆ, ವಸೂಲಿಯ ಗುರಿ ಇದೆ. ಅವಳ ಮುಖ ನೋಡಿ ಸ್ವಲ್ಪ ಇಳಿದರು. "ಒಂದ ಕೆಲಸ ಮಾಡವ್ವ. ಮಗ್ಗ ತಗಿ, ಕುಣಿ ಮುಚ್ಚು. ಸೋಮವಾರ ನಾನ ಬರ್ತೀನಿ. ಮಗ್ಗಿಲ್ಲ, ಬೇಸ್‌ಮೆಂಟಿಲ್ಲ ಅಂತ ನೋಡಿದ್ರ ವಾಸದ ಮನಿ ಅಂತ ಬರಿತೀನಿ. ಹಿಂದಿನ ಬಾಕಿನೂ ಹೋಗತೈತಿ."

ಅವಳು "ಆತ್ರಿ," ಅಂದಳು.

ಶನಿವಾರ ಮಗ್ಗ ಬಿಚ್ಚಿದರು. ಭಾನುವಾರ ಕುಣಿ ಮುಚ್ಚಲು ನಿಂತರು. ಮಣ್ಣು ಹುಡುಕಬೇಕಾಗಿರಲಿಲ್ಲ. ನೀರಿನ ಪೈಪು ಹಾಕಲು ಮೂರನೆಯ ಕಾಂಕ್ರೀಟನ್ನೂ ಅಗೆದು ಅವಳ ಬಾಗಿಲ ಮುಂದೆಯೇ ರಾಶಿ ಹಾಕಿ ಹೋಗಿದ್ದರು. ಹದಿನೈದು ದಿನವಾಗಿತ್ತು. ಅದೇ ಮಣ್ಣು, ಅದೇ ಕಾಂಕ್ರೀಟಿನ ಚೂರು. ಕಾಂಚನಾ ಪುಟ್ಟಿಗೆ ತುಂಬಿದಳು, ಅನಸವ್ವ ಹೊತ್ತು ಇಳಿದಳು. ನನಗೆ ರಜೆ, ನಾನೂ ಹೋದೆ. ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಅರವತ್ತು ದಾಟಿದ ಹೆಂಗಸು ಪುಟ್ಟಿ ಹೊತ್ತು ಎಷ್ಟು ಸಲ ಮೆಟ್ಟಿಲು ಇಳಿದಳೋ. ಮಂಡಿ ಹಿಡಿದು ಕೂರುವಳು, ಏಳುವಳು. ಬೆವರಿಗೆ ಸೀರೆ ಬೆನ್ನಿಗೆ ಅಂಟಿತ್ತು. ಮಣ್ಣು ಮೇಲೇರುತ್ತ ಹಿಮ್ಮಡಿಯ ಗುಳಿಯ ಹತ್ತಿರ ಬಂತು. ಅವಳು ಪುಟ್ಟಿ ಇಟ್ಟು ಕುಣಿಗೆ ಇಳಿದಳು. ಎಡಗೈ ಒಂದು ಗುಳಿಯಲ್ಲಿ, ಬಲಗೈ ಇನ್ನೊಂದರಲ್ಲಿ ಇಟ್ಟಳು. ಅಳಲಿಲ್ಲ. ಗುಳಿಯೊಳಗಿನ ಕಸ ಬೆರಳಿನಿಂದ ಕೆದರಿ ತೆಗೆದಳು, ಇನ್ನೂ ಯಾರೋ ಅಲ್ಲಿ ಕಾಲಿಡುವವರು ಇದ್ದಾರೆ ಅನ್ನುವ ಹಾಗೆ. ಆಮೇಲೆ ಮೇಲೆ ಬಂದು ಆ ಜಾಗಕ್ಕೂ ಮಣ್ಣು ಸುರಿದಳು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಹೊರಗೆ ಬಂದು ಬೀಡಿ ಹಚ್ಚಿದೆ.

ಸೋಮವಾರ ಹನ್ನೊಂದಕ್ಕೆ ಚನಮಲ್ಲಪ್ಪ ಸಾಹೇಬರು ಬಂದರು. ಬಾಗಿಲಲ್ಲಿ ತಲೆ ಬಗ್ಗಿಸಿ ಇಳಿದರು. ನಾನು ಹಿಂದೆ, ಟೇಪು ಹಿಡಿದು. ನೆಲ ಸಾರಿಸಿ ಒಪ್ಪ ಮಾಡಿದ್ದರು. ಕುಣಿ ಇದ್ದ ಕಡೆ ಸಗಣಿಯ ಹಸಿ ಬಣ್ಣ ಮಾತ್ರ ಬೇರೆಯಿತ್ತು. ಮಗ್ಗದ ಮರ ಗೋಡೆಗೆ ಒರಗಿದ್ದವು.

"ಛಲೋ ಆತು," ಅಂದರು ಸಾಹೇಬರು. ಖರೆ ಅಂದರೆ ಅವರಿಗೂ ಖುಷಿಯಾಗಿತ್ತು. ಒಂದು ಕಾಗದ ತೆಗೆದರು, ಅಚ್ಚು ಹಾಕಿಸಿ ತಂದದ್ದು. "ಇದಕ್ಕೊಂದು ಸಹಿ ಮಾಡವ್ವ. ಮುಗೀತು."

"ಏನೈತ್ರಿ ಅದರಾಗ?"

"ಓದಿ ಹೇಳೊ ಗೂಳಪ್ಪ."

ನಾನು ಓದಿದೆ. "ಸದರಿ ಮನೆಯಲ್ಲಿ ಹಿಂದೆಯಾಗಲಿ ಈಗಾಗಲಿ ಯಾವುದೇ ನೇಯ್ಗೆ ಕೆಲಸ ನಡೆದಿರುವುದಿಲ್ಲ. ನಾನು ನೇಕಾರಳಾಗಿರುವುದಿಲ್ಲ. ಸರ್ವೆ ಸಮಯದಲ್ಲಿ ಸುಳ್ಳು ಮಾಹಿತಿ ನೀಡಿದ್ದು ತಪ್ಪಾಗಿದ್ದು, ಕ್ಷಮೆ ಕೋರುತ್ತೇನೆ."

ಬೇರೆಯವರ ನೂಲನ್ನು ಕೂಲಿಗೆ ಸುತ್ತುತ್ತಿದ್ದ ರಾಟಿ ನಿಂತಿತು. ಕಾಂಚನಾ ತಲೆ ಎತ್ತಿದ್ದಳು.

"ಇನ್ನೊಮ್ಮಿ ಓದು," ಅಂದಳು ಅನಸವ್ವ.

ಓದಿದೆ.

"ಹಿಂದೆಯಾಗಲಿ ಅಂತ ಯಾಕ್ರಿ?"

"ಹಿಂದ ನಡದಿತ್ತು ಅಂದ್ರ ಹಿಂದಿನ ಬಾಕಿ ಹೆಂಗ ತಗೀಲಿ? ನಡದಽ ಇಲ್ಲ ಅಂತ ಬರೀಬೇಕು. ಬರೇ ಕಾಗದವ್ವ ಇದು."

"ನಿಮಗ ಕಾಗದ್ರಿ." ಅವಳ ದನಿ ಏರಲಿಲ್ಲ. ದಣಿದ ದನಿ. "ಕುಣಿ ಮುಚ್ಚು ಅಂದ್ರಿ, ಮುಚ್ಚಿದೆ. ಮಗ್ಗ ತಗಿ ಅಂದ್ರಿ, ತಗದೆ. ನಿಮ್ಮ ಕಚೇರಿಯಾಗ ನಕ್ರಿ, ನಗಸಕೊಂಡೆ. ನಾ ನೇಯ್ದೇ ಇಲ್ಲ ಅಂತ ಹೆಂಗ ಬರದ ಕೊಡ್ಲಿ? ಹಂಗಾದ್ರ ನಲವತ್ತು ವರ್ಷ ಇಲ್ಲಿ ಕುಂತಾಕಿ ಯಾರ್ರಿ?"

"ನಿನಗ ಒಳ್ಳೇದ ಮಾಡಾಕ ಬಂದೀನವ್ವ."

"ಗೊತ್ತೈತ್ರಿ. ಒಲ್ಲೆ."

"ಸಹಿ ಮಾಡದಿದ್ರ ಕಾರ್ಖಾನಿ ಅಂತ ಉಳಿತೈತಿ. ನಳ ಕೊಯ್ಯಾಕ ಬರ್ತಾರ."

"ಕೊಯ್ರಿ."

ಅವಳು ಮೂಲೆಯಿಂದ ಸಲಿಕೆ ತಂದಳು. ನಿನ್ನೆ ಸಾರಿಸಿದ ನೆಲಕ್ಕೆ, ಆ ಹಸಿ ಬಣ್ಣದ ಮೇಲೆ, ಸಲಿಕೆ ಇಳಿಸಿದಳು. ಒಂದು ಸಲ, ಎರಡು ಸಲ. ಮಣ್ಣು ಇನ್ನೂ ಸಡಿಲವಿತ್ತು. ಪುಟ್ಟಿ ತುಂಬಿ, ಹೊತ್ತು, ಮೆಟ್ಟಿಲು ಹತ್ತಿ, ರಸ್ತೆಗೆ ಸುರಿದು ಬಂದಳು. ಸಾಹೇಬರು ಪಕ್ಕಕ್ಕೆ ಸರಿದು ದಾರಿ ಬಿಡಬೇಕಾಯಿತು.

"ರಸ್ತಾದಾಗ ಮಣ್ಣು ಹಾಕಿದ್ರ ದಂಡ ಐತಿ," ಅಂದರು.

"ರಸ್ತಾದ್ದಽ ಐತ್ರಿ ಇದು. ನಿಮ್ಮದು ನಿಮಗ."

ಸಾಹೇಬರ ಮುಖ ಕೆಂಪಾಯಿತು. ಕಾಗದ ಮಡಚಿ ಜೇಬಿಗೆ ಹಾಕಿದರು. "ಆತು. ಹಂಗಾದ್ರ ಇದ್ದದ್ದ ಇದ್ದಂಗ ಬರಿಯೂಣ. ಗೂಳಪ್ಪ, ಟೇಪ್ ಹಿಡಿ. ಬೇಸ್‌ಮೆಂಟ್ ಅಳಿ."

ಅನಸವ್ವ ಸಲಿಕೆ ಊರಿ ನಿಂತು ನನ್ನನ್ನು ನೋಡಿದಳು. "ಅಳಿ," ಅಂದಳು. "ಎರಡ ಕಾಲ ಹಿಡಿಯೂವಷ್ಟ ಐತಿ. ಹಂಗಂತ ಬರಿ."

ಟೇಪು ನನ್ನ ಕೈಯಲ್ಲಿತ್ತು. ಹನ್ನೊಂದು ವರ್ಷ ಹಿಡಿದ ತುದಿ. ಈ ಊರಿನ ಎಷ್ಟು ಮನೆಯೊಳಗೆ ಅದನ್ನು ಹಿಡಿದು ನಿಂತೆನೋ, ಎಷ್ಟು ಮನೆಯಲ್ಲಿ ತಿಂದೆನೋ, ಎಷ್ಟು ಕಡೆ ಬಾಯಿ ಮುಚ್ಚಿಕೊಂಡು ಬಂದೆನೋ. ನಾನು ಟೇಪನ್ನು ಸಾಹೇಬರ ಮುಂದಿನ ಕಟ್ಟೆಯ ಮೇಲೆ ಇಟ್ಟೆ.

"ನಾ ಹಿಡಿಯೂದಿಲ್ರಿ."

"ಏನಂದಿ?"

"ಹಿಡಿಯೂದಿಲ್ಲ ಅಂದೇರಿ."

ಅವರು ಏನೇನೋ ಅಂದರು. ನಾಳೆಯಿಂದ ಎಲ್ಲಿರುತ್ತೀ ನೋಡು ಅಂದರು. ಈಗ ಎಲ್ಲಿದ್ದೇನೆ ಅಂತ ಮೊದಲೇ ಹೇಳಿದ್ದೇನೆ. ಅವರು ಮೆಟ್ಟಿಲು ಹತ್ತಿ ಹೋದರು. ನಳ ಅದೇ ವಾರ ಕೊಯ್ದರು, ಈಗ ಕಾಂಚನಾ ನಮ್ಮ ಮನೆಯಿಂದ ಕೊಡ ತುಂಬಿ ಒಯ್ಯುತ್ತಾಳೆ.

ಆದರೆ ಅದೆಲ್ಲ ಆಮೇಲಿನದು. ಅವರು ಹೋದ ಮೇಲೆ ಮನೆಯೊಳಗೆ ನಾವು ಮೂವರೇ ಉಳಿದೆವು. ಅನಸವ್ವ ಮತ್ತೆ ಸಲಿಕೆ ಎತ್ತಿದಳು. ನನ್ನ ಎದೆಯಲ್ಲಿ ಒಂದು ವರ್ಷದಿಂದ ಕೂತಿದ್ದು ಬಾಯಿಗೆ ಬಂತು.

"ಅನಸವ್ವಾ, ಅದು ಮಗ್ಗದ ಸರ್ವೆ ಅಲ್ಲಂತ ನನಗ ಗೊತ್ತಿತ್ತು. ನೀ ಕೇಳಾಕ ಬಂದಾಗನ ಗೊತ್ತಿತ್ತು."

ಸಲಿಕೆ ನಿಲ್ಲಲಿಲ್ಲ.

"ನಿನಗ ಗೊತ್ತಿತ್ತು ಅನ್ನೂದು ನನಗೂ ಗೊತ್ತಾತು, ಆಮ್ಯಾಲ," ಅಂದಳು. ಮುಖ ತಿರುಗಿಸಿ ನೋಡಲಿಲ್ಲ. "ಪುಟ್ಟಿ ಹಿಡಿ."

ಹಿಡಿದೆ. ಅವಳು ತುಂಬಿದಳು, ನಾನು ಹೊತ್ತೆ. ಕಾಂಚನಾ ಬಾಗಿಲಲ್ಲಿ ನಿಂತು ಇಸಕೊಂಡು ರಸ್ತೆಗೆ ಸುರಿದಳು. ಮಧ್ಯಾಹ್ನ ರೊಟ್ಟಿ ಕೊಟ್ಟಳು ಕಾಂಚನಾ. ನನಗೂ ಕೊಟ್ಟಳು. ಮಣ್ಣುಗೈಯಲ್ಲೇ ತಿಂದೆವು. ಮತ್ತೆ ಇಳಿದೆವು.

ಹೊತ್ತು ಇಳಿಯುವಾಗ ಗುಳಿ ಸಿಕ್ಕವು. ಅನಸವ್ವ ಸಲಿಕೆ ಬಿಟ್ಟು ಕೈಯಿಂದ ಮಣ್ಣು ಸರಿಸಿದಳು. ಅಂಚಿಗೆ ಕೂತಳು, ಕಾಲು ಇಳಿಬಿಟ್ಟಳು, ಹಿಮ್ಮಡಿ ಗುಳಿಯಲ್ಲಿಟ್ಟಳು. ಕುಣಿಯ ತಳದಲ್ಲಿ ಇನ್ನೂ ಉಳಿದಿದ್ದ ಮಣ್ಣಿಗೆ ಅಂಗಾಲು ತಾಗಿ ಮಂಡಿ ಮೇಲೆದ್ದು ನಿಂತಿತು. ತುಳಿಮಣೆ ಕೂರಲು ಇನ್ನೂ ಒಂದು ಗೇಣು ಬೇಕು.

ಕಾಲು ಹೊರಗೆ ತೆಗೆಯಲಿಲ್ಲ ಅವಳು. ಹಾಗೇ ಕೂತು ಉಸಿರು ತೆಗೆದುಕೊಂಡಳು. ಆಮೇಲೆ ಸಲಿಕೆಯನ್ನು ನನ್ನ ಕಡೆ ಚಾಚಿದಳು.

"ಇನ್ನೊಂದ ಗೇಣ ತಗಿ," ಅಂದಳು.